ಪಟ್ಟದ ಗೊಂಬೆಯ ಕೆಳಗಿನ ಬಾಕ್ಸು

ನನ್ನ ಅಳಿಯ ಫಿಲಿಪ್ಪೀನ್ಸ್ ದೇಶದವನು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮೈಸೂರಿನಲ್ಲಿ ಈ ಮಾತು ಹೇಳಿದಾಗಲೆಲ್ಲ ಎದುರಿಗಿದ್ದವರು ಕಾಫಿ ಲೋಟ ಕೆಳಗಿಟ್ಟು, "ಅಂದ್ರೆ ಚೈನಾದವರಾ?" ಅಂತ ಕೇಳಿ, ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಚೈನಾದವನಲ್ಲ. ಮೂರು ಹೊತ್ತೂ ಅನ್ನ ತಿನ್ನುವವನು, ಹಿರಿಯರ ಕೈಯನ್ನು ತನ್ನ ಹಣೆಗೊತ್ತಿಕೊಂಡು ನಮಸ್ಕಾರ ಮಾಡುವವನು, ಮನೆಗೆ ಬಂದವರನ್ನು ಊಟ ಆಯ್ತಾ ಅಂತ ಕೇಳದೆ ಕೂರಿಸದವನು. ಇಷ್ಟಿದ್ದ ಮೇಲೆ ನನಗೆ ತಕರಾರು ಇರಲಿಲ್ಲ. ಇದ್ದದ್ದು ಒಂದೇ ತಕರಾರು, ಅವನ ಬಾಕ್ಸಿನದು.

ಇದು ಎರಡು ಸಾವಿರದ ಹತ್ತರ ದಶಕದ ನಡುವಿನ ಮಾತು. ಅವನೂ ನನ್ನ ಮಗಳೂ ಆಸ್ಟಿನ್‌ನಲ್ಲಿ ಓದುವಾಗ ಪರಿಚಯವಾಗಿ, ಮದುವೆಯಾಗಿ, ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿ ಮನೆ ಮಾಡಿದ್ದರು. ಮಗಳು ಎಂಜಿನಿಯರು. ಆಕಾಶಕ್ಕೆ ಹೋಗುವ ಯಾವುದೋ ಯಂತ್ರದ ಯಾವುದೋ ತಿರುಪಿನ ಮೇಲೆ ಎಷ್ಟು ಒತ್ತಡ ಬೀಳುತ್ತದೆ ಅಂತ ಲೆಕ್ಕ ಹಾಕುವುದು ಅವಳ ಕೆಲಸ. ಅಳಿಯ ಆಸ್ಪತ್ರೆಯಲ್ಲಿ ನರ್ಸು. ನಮ್ಮ ನೆಂಟರಲ್ಲಿ ಕೆಲವರಿಗೆ ಇದು ತಿರುಗುಮುರುಗಾಗಿ ಕಂಡಿತು. ಕಾಣಲಿ. ನನ್ನ ಮಂಡಿನೋವಿಗೆ ಬಿಸಿನೀರಿನ ಚೀಲ ತಂದಿಡುತ್ತಿದ್ದವನು ಅಳಿಯನೇ ಹೊರತು ತಿರುಪಿನ ಲೆಕ್ಕದವಳಲ್ಲ. ಐದು ವರ್ಷದ ಮೊಮ್ಮಗಳಿದ್ದಳು. ಅವಳ ನೆಪದಲ್ಲಿ ನಾನು ಆರು ತಿಂಗಳಿಗೆಂದು ಹೋಗಿ ಅಡುಗೆಮನೆ ಹಿಡಿದು ಕೂತಿದ್ದೆ.

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವಳು, ಇಂಗ್ಲಿಷ್ ತಕ್ಕಮಟ್ಟಿಗೆ ಬರುತ್ತದೆ. ನಮ್ಮಿಬ್ಬರ ಮಾತು ನಡೆಯುತ್ತಿದ್ದದ್ದು ಅದರಲ್ಲೇ, ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತೇನೆ. ಅವನಿಗೆ ಕನ್ನಡ ಊಟದ ಮಟ್ಟಿಗೆ ಬರುತ್ತಿತ್ತು. ಸಾರು, ಹುಳಿ, ಇದೆ, ಇಲ್ಲ, ಇನ್ನೂ ಸ್ವಲ್ಪ, ಸಾಕು. 'ಸಾಕು' ಅನ್ನುವುದನ್ನು ಅವನ ಬಾಯಲ್ಲಿ ನಾನಂತೂ ಕೇಳಿಲ್ಲ. ಅವರ ಭಾಷೆಯಲ್ಲಿ ಅಕ್ಕನಿಗೆ 'ಆತೆ' ಅನ್ನುತ್ತಾರಂತೆ. ಹಾಗಾಗಿ ನನ್ನನ್ನು ಅತ್ತೆ ಅನ್ನಲು ಅವನಿಗೆ ಸಂಕೋಚ, ಅಮ್ಮ ಅನ್ನುತ್ತಿದ್ದ.

ಈಗ ಬಾಕ್ಸಿಗೆ ಬರುತ್ತೇನೆ. ಊರು ಬಿಟ್ಟು ಬಂದ ಅವರ ದೇಶದವರೆಲ್ಲರ ಮನೆಯಲ್ಲೂ ಅಂಥದ್ದೊಂದು ಇರುತ್ತದಂತೆ. ನನ್ನ ಸೊಂಟದ ಎತ್ತರದ, ದಪ್ಪ ರಟ್ಟಿನ ಡಬ್ಬ. ವರ್ಷವಿಡೀ ಅದನ್ನು ತುಂಬುವುದು, ಕ್ರಿಸ್ಮಸ್ಸಿಗೆ ತಲುಪುವ ಹಾಗೆ ಹಡಗಿನಲ್ಲಿ ಊರಿಗೆ ಕಳಿಸುವುದು. ನಮ್ಮ ಮನೆಯಲ್ಲಿ ಅದು ಊಟದ ಮೇಜಿನ ಪಕ್ಕದಲ್ಲಿ ನಿಂತಿತ್ತು. ಅಂಗಡಿಯಲ್ಲಿ ಎಲ್ಲೇ ರಿಯಾಯಿತಿ ಬೋರ್ಡು ಕಂಡರೂ ಅಳಿಯನ ಕಾಲು ಅತ್ತ ತಿರುಗುತ್ತಿತ್ತು. ಸೋಪು, ಶಾಂಪೂ, ಟೂತ್‌ಪೇಸ್ಟು, ಕಾಲುಚೀಲ, ಕಾಫಿ ಪುಡಿ, ಚಾಕಲೇಟು, ಟವೆಲು. ಟವೆಲುಗಳು ಎಷ್ಟೆಂದರೆ ಅವನ ಊರಿನವರೆಲ್ಲ ದಿನವಿಡೀ ಸ್ನಾನವನ್ನೇ ಮಾಡುತ್ತಾರೇನೋ ಅನ್ನಿಸುತ್ತಿತ್ತು.

"ನಿಮ್ಮ ದೇಶದಲ್ಲಿ ಸೋಪು ಸಿಗಲ್ವೇನಪ್ಪ?" ಅಂತ ಒಂದು ದಿನ ಕೇಳಿದೆ.

"ಸಿಗುತ್ತೆ ಅಮ್ಮ. ಇದಕ್ಕಿಂತ ಅಗ್ಗಕ್ಕೇ ಸಿಗುತ್ತೆ."

"ಮತ್ತೆ?"

"ಅದು ಅಂಗಡಿ ಸೋಪು. ಇದು ನಾನು ಕಳಿಸಿದ ಸೋಪು."

ನಾವೇನು ಕಡಿಮೆಯೇ? ಅಮೆರಿಕದಿಂದ ಹೊರಟಾಗ ಬಾದಾಮಿ ಮೂಟೆ ಕಟ್ಟುತ್ತೇವೆ, ದೇವರಾಜ ಮಾರ್ಕೆಟ್ಟಿನಲ್ಲಿ ಬಾದಾಮಿಯೇ ಇಲ್ಲವೇನೋ ಅನ್ನುವ ಹಾಗೆ. ಆದರೆ ನಾವು ಮೂಟೆಯ ಜೊತೆ ನಾವೂ ಹೋಗುತ್ತೇವೆ. ಇವನ ಮನೆಯಿಂದ ವರ್ಷವರ್ಷವೂ ಬಾಕ್ಸು ಹೋಗುತ್ತಿತ್ತು, ಇವನು ಹೋಗುತ್ತಿರಲಿಲ್ಲ.

ಕಾರಣ ಮಗಳು ಹೇಳಿದ್ದಳು. ಮೊಮ್ಮಗಳು ಕೈಗೂಸಾಗಿದ್ದಾಗ ಇವನ ತಾಯಿ ತೀರಿಕೊಂಡರು. ಆಗ ಇವನ ವೀಸಾದ ಕಾಗದಗಳು ನಡುದಾರಿಯಲ್ಲಿದ್ದವು, ದೇಶ ಬಿಟ್ಟರೆ ವಾಪಸ್ ಬರುವ ಭರವಸೆ ಇರಲಿಲ್ಲ. ಹೋಗಲಾಗಲಿಲ್ಲ. ಅಲ್ಲಿ ಇದ್ದವಳು ಒಬ್ಬಳೇ ಅಕ್ಕ. ಮದುವೆಯಾಗದೆ, ಟೀಚರ್ ಕೆಲಸ ಮಾಡಿಕೊಂಡು ಇವನನ್ನು ಓದಿಸಿದವಳು. ಮಣ್ಣು ಮಾಡಿದ್ದರಿಂದ ಹಿಡಿದು ಎಲ್ಲವನ್ನೂ ಅವಳೇ ನಿಭಾಯಿಸಿದ್ದಳು. ಆಮೇಲೆ ಕಾಗದಗಳು ಸರಿಹೋದವು. ಆದರೂ ಇವನು ಹೋಗಲಿಲ್ಲ. ಕ್ರಿಸ್ಮಸ್ ಬಂತೆಂದರೆ ಮಕ್ಕಳೊಂದಿಗರಾದ ಬೇರೆ ನರ್ಸುಗಳ ಡ್ಯೂಟಿಯನ್ನು ತಾನೇ ವಹಿಸಿಕೊಳ್ಳುತ್ತಿದ್ದ. ಇವನಿಗೇನು ಮಗುವಿಲ್ಲವೇ? ಪರೋಪಕಾರಿ ಅಂತ ಆಸ್ಪತ್ರೆಯಲ್ಲೆಲ್ಲ ಹೆಸರು. ನಾನು ನಲವತ್ತು ಹುಡುಗರ ತರಗತಿ ನೋಡಿದವಳು, ಪರೀಕ್ಷೆ ತಪ್ಪಿಸಿಕೊಳ್ಳಲು ಬೋರ್ಡು ಒರೆಸಲು ಓಡುವ ಹುಡುಗನ ಮುಖ ನನಗೆ ಚೆನ್ನಾಗಿ ಗೊತ್ತು.

ಅಕ್ಕ ಭಾನುವಾರ ವಿಡಿಯೊದಲ್ಲಿ ಬರುತ್ತಿದ್ದಳು. ನೆಟ್ಟಗೆ ಕೂತು, ಕೂದಲು ಬಿಗಿಯಾಗಿ ಕಟ್ಟಿ, ಹಾಜರಿ ತೆಗೆದುಕೊಳ್ಳುವ ಹಾಗೆ ಒಬ್ಬೊಬ್ಬರನ್ನೇ ವಿಚಾರಿಸುವವಳು. ನಾವಿಬ್ಬರೂ ಟೀಚರುಗಳಾದ್ದರಿಂದ ಪರಸ್ಪರ ಗೌರವ ಇತ್ತು. ಇವನು ಅವಳನ್ನು ಕೇಳುತ್ತಿದ್ದದ್ದು ಬಾಕ್ಸಿನ ವಿಷಯ, ಮಳೆಯ ವಿಷಯ, ಪಕ್ಕದ ಮನೆಯವರ ವಿಷಯ. ಅವಳು ಕೊನೆಗೆ ಮಾಮೂಲಾಗಿ ಒಂದು ಮಾತು ಕೇಳುತ್ತಿದ್ದಳು, ಇವನು ಮಾಮೂಲಾಗಿ ಒಂದು ಮಾತು ಹೇಳುತ್ತಿದ್ದ. ಅವರ ಭಾಷೆ ಬರದಿದ್ದರೂ ನನಗೆ ಅರ್ಥವಾಗುತ್ತಿತ್ತು: ಈ ವರ್ಷ ಬರ್ತೀಯಾ? ಮುಂದಿನ ವರ್ಷ ನೋಡೋಣ.

ಸೆಪ್ಟೆಂಬರ್ ಬಂತು. ಹ್ಯೂಸ್ಟನ್ನಿನಲ್ಲಿ ಇನ್ನೂ ಬೆವರು ಸುರಿಯುವ ಸೆಕೆ. ಅಂಥದ್ದರಲ್ಲಿ ಅಳಿಯ ಏಣಿ ಹತ್ತಿ ಬಾಗಿಲ ಮೇಲೆ ಬಣ್ಣದ ಕಾಗದದ ನಕ್ಷತ್ರದೀಪ ಕಟ್ಟಿದ. ಅವರಲ್ಲಿ ಕ್ರಿಸ್ಮಸ್ ಸೆಪ್ಟೆಂಬರಿಗೇ ಶುರುವಂತೆ. ಗಣಪತಿಯನ್ನು ನೀರಿಗೆ ಬಿಡುವ ಮೊದಲೇ ಏಸುವನ್ನು ಕರೆಯುತ್ತೀಯಲ್ಲಪ್ಪ ಅಂದೆ. ನಕ್ಕ. ನಗುವುದಕ್ಕೆ ಅವನು ಯಾವತ್ತೂ ತಯಾರು. ಇಷ್ಟೊಂದು ಹಬ್ಬದ ಸಂಭ್ರಮ ಇರುವವನು ಹಬ್ಬಕ್ಕೆ ಊರಿಗೆ ಹೋಗುವುದಿಲ್ಲ ಅಂದರೆ ನನಗೆ ಒಳಗೊಳಗೇ ಕಸಿವಿಸಿ.

ಮುಂದೆ ನವರಾತ್ರಿ. ಪಟ್ಟದ ಗೊಂಬೆಗಳನ್ನು, ಅಂದರೆ ಚಂದನದ ಮರದ ರಾಜ ರಾಣಿಯರನ್ನು, ನಾನು ಮೈಸೂರಿನಿಂದ ಹ್ಯಾಂಡ್‌ಬ್ಯಾಗಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ತಂದಿದ್ದೆ. ಕೂರಿಸಲು ಮೆಟ್ಟಿಲು ಬೇಕಲ್ಲ. ಚಪ್ಪಲಿ ಗೂಡು ತೊಳೆದೆ, ಟೀಪಾಯಿ ಎಳೆದೆ. ಮೇಲಿನ ಮೆಟ್ಟಿಲಿಗೆ ಎತ್ತರದ್ದೇನೂ ಸಿಗಲಿಲ್ಲ. ಕಣ್ಣೆದುರಿಗೆ ಬಾಕ್ಸು ನಿಂತಿತ್ತು. ಭರ್ತಿಯಾಗಿ, ಟೇಪು ಸುತ್ತಿಸಿಕೊಂಡು, ಕಲ್ಲುಕಂಬದ ಹಾಗೆ ಗಟ್ಟಿಯಾಗಿ. ನಾನು ಬಂದ ದಿನದಿಂದಲೂ ಅದನ್ನು ಅಲ್ಲೇ ನೋಡಿದ್ದೆ. ಅದು ಹೊರಡುವುದು ಯಾವಾಗ ಅಂತ ನನಗೆ ಯಾರೂ ಹೇಳಿರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಇವತ್ತಿಗೂ ನನ್ನ ಮಗಳು ನಂಬುವುದಿಲ್ಲ. ಎಲ್ಲರೂ ಕೆಲಸಕ್ಕೆ ಹೋಗಿದ್ದಾಗ ಅದರ ಮೇಲೆ ಬಿಳಿ ಪಂಚೆ ಹಾಸಿ, ರಾಜ ರಾಣಿಯರನ್ನು ಕೂರಿಸಿ, ಮುಂದೆ ಕಲಶ ಇಟ್ಟು, ಆರತಿ ಎತ್ತಿದೆ.

ಸಂಜೆ ಬಂದ ಅಳಿಯ ನೋಡಿ, "ಚೆನ್ನಾಗಿದೆ ಅಮ್ಮ" ಅಂದ. ಒಂದು ಕ್ಷಣ ಸುಮ್ಮನೆ ನಿಂತ. ನಾನು ಅದನ್ನು ಭಕ್ತಿ ಅಂದುಕೊಂಡೆ.

ಆ ಶನಿವಾರ ಬಾಕ್ಸು ಒಯ್ಯುವ ವ್ಯಾನು ಬಂತು. ವ್ಯಾನಿನವನೂ ಅವರ ದೇಶದವನೇ. ಒಳಗೆ ಬಂದು ಗೊಂಬೆಗಳನ್ನು ನೋಡಿ ಟೋಪಿ ತೆಗೆದು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಬಾಕ್ಸು ಎಲ್ಲಿ ಅಂತ ಕೇಳಿದ. ಅಳಿಯ ಪಂಚೆಯ ಅಂಚು ಎತ್ತಿ ತೋರಿಸಿದ. ಕ್ರಿಸ್ಮಸ್ಸಿಗೆ ಮುಟ್ಟಬೇಕಾದರೆ ಇದೇ ಕಡೇ ಹಡಗು, ಮುಂದಿನದು ಮುಟ್ಟುವುದು ಜನವರಿಗೆ ಅಂದ ವ್ಯಾನಿನವನು.

"ಅಮ್ಮ, ಒಂದೈದು ನಿಮಿಷ ಎತ್ತಿ ಟೇಬಲ್ ಮೇಲೆ ಇಟ್ಬಿಡೋಣ" ಅಂದಳು ಮಗಳು.

"ಎತ್ತಿಡೋಕೆ ಅದೇನು ಮಿಕ್ಸಿನಾ? ಕಲಶ ಇಟ್ಟಾಗಿದೆ. ವಿಜಯದಶಮಿ ಸಂಜೆ ಗೊಂಬೆ ಮಲಗಿಸೋ ತನಕ ಕದಲಿಸೋ ಹಾಗಿಲ್ಲ."

"ಅವನ ಅಕ್ಕ ಅಲ್ಲಿ ಕಾಯ್ತಿರ್ತಾರೆ ಅಮ್ಮ."

ಮಧ್ಯೆ ಅಳಿಯನೇ ಬಂದ. "ಬೇಡ. ದೇವರನ್ನ ಎಬ್ಬಿಸೋದು ಬೇಡ" ಅಂದ. ನಾನು ವ್ಯಾನಿನವನಿಗೆ ಕಡಲೆಕಾಳು ಉಸಲಿ ಕೊಟ್ಟೆ. ತಿಂದು, ಇನ್ನೊಂದು ಸಲ ಶಿಲುಬೆಯ ಗುರುತು ಮಾಡಿಕೊಂಡು ಹೋದ. ಅಳಿಯ ಹಿತ್ತಲಿಗೆ ಹೋಗಿ ಬೇಲಿಯ ಕಡೆ ಮುಖ ಮಾಡಿ ನಿಂತ. ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ.

"ಬೇಕಂತ್ಲೇ ಮಾಡಿದ್ಯಾ?" ಅಂತ ಮಗಳು ಪಿಸುಗುಟ್ಟಿದಳು.

"ನನಗೇನು ಹುಚ್ಚಾ?" ಅಂದೆ.

ವಿಜಯದಶಮಿಯ ಸಂಜೆ ಗೊಂಬೆ ಮಲಗಿಸಿ, ಕಲಶ ಕದಲಿಸಿ, ಪಂಚೆ ತೆಗೆಯುವಾಗ ಮೊಮ್ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಜ್ಜಿ, ದೇರ್ ಈಸ್ ಮೀಟ್ ಇನ್ ದಟ್ ಬಾಕ್ಸ್" ಅಂದಳು. ಅಳಿಯನ ಮುಖ ಕಳ್ಳ ಸಿಕ್ಕಿಬಿದ್ದ ಹಾಗಾಯಿತು. ಬಾಕ್ಸಿನ ಟೇಪು ಬಿಚ್ಚಿಸಿದೆ, ಆ ಟವೆಲುಗಳ ರಹಸ್ಯ ಆಗ ಬಯಲಾಯಿತು. ಒಂದೊಂದು ಟವೆಲಿನೊಳಗೂ ಡಬ್ಬಿಯ ಮಾಂಸ.

"ನಿಮಗೆ ಕಾಣಬಾರದು ಅಂತ ಸುತ್ತಿಟ್ಟಿದ್ದೆ ಅಮ್ಮ."

"ನನಗೆ ಕಾಣದ ಹಾಗೆ ಸುತ್ತಿದ್ದೀಯ. ಮೇಲೆ ಕೂತಿದ್ದ ದೇವಿಗೆ?"

ನವರಾತ್ರಿಯಿಡೀ ನಾನು ಮಡಿಯುಟ್ಟು ಆರತಿ ಎತ್ತಿದ್ದು ಮಾಂಸದ ಡಬ್ಬಿಗಳ ರಾಶಿಗೆ. ಮೊದಲು ಎರಡು ಸಲ ಕೈ ತೊಳೆದುಕೊಂಡು ಬಂದೆ. ಆಮೇಲೆ ಆ ಟವೆಲುಗಳನ್ನು ನೋಡುತ್ತಾ ನೋಡುತ್ತಾ ನಗು ಬಂತು. ಇಷ್ಟು ನಾಜೂಕಾಗಿ ನನ್ನ ಮನಸ್ಸು ನೋಯದ ಹಾಗೆ ನಡೆದುಕೊಂಡವರು ನಮ್ಮ ಕುಲದಲ್ಲೂ ಕಡಿಮೆ. "ರಾಜ ಕ್ಷತ್ರಿಯ, ಅವನಿಗೆ ನಡೆಯುತ್ತೆ ಬಿಡು. ಕಲಶದ ವಿಷಯ ನಾನು ದೇವರ ಹತ್ರ ಮಾತಾಡ್ಕೋತೀನಿ" ಅಂದೆ. ಪಂಚೆಯನ್ನು ಮಾತ್ರ ಬಿಸಿನೀರಿನಲ್ಲಿ ನೆನೆಹಾಕಿದೆ.

ಮರುದಿನ ಅಕ್ಕನಿಗೆ ಹೇಳಲೇಬೇಕಾಯಿತು, ಈ ಕ್ರಿಸ್ಮಸ್ಸಿಗೆ ಬಾಕ್ಸು ಬರುವುದಿಲ್ಲ ಅಂತ. ಇವನು ಹೇಳಿದ. ಅವಳು ನನಗೂ ತಿಳಿಯಲಿ ಅಂತಲೋ ಏನೋ ಇಂಗ್ಲಿಷಿನಲ್ಲಿ ಹೇಳಿದಳು. "ಒಳ್ಳೇದಾಯ್ತು. ಮನೆಯಲ್ಲಿ ಸೋಪು ಇಡೋಕೆ ಜಾಗ ಇಲ್ಲ. ನಿನಗೆ ಜಾಗ ಇದೆ." ಇವನು ಈ ಸಲ 'ಮುಂದಿನ ವರ್ಷ' ಅನ್ನಲಿಲ್ಲ. ಅವತ್ತೇ ಮಗಳು ಕಂಪ್ಯೂಟರ್ ಮುಂದೆ ಕೂತು ಟಿಕೆಟ್ ಬುಕ್ ಮಾಡಿಬಿಟ್ಟಳು, ಅವನು ಮನಸ್ಸು ಬದಲಾಯಿಸುವ ಮೊದಲು. ಅವಳಿಗೆ ಡಿಸೆಂಬರಿನಲ್ಲಿ ಕೆಲಸ ಬಿಟ್ಟು ಏಳುವ ಹಾಗಿರಲಿಲ್ಲ, ಅವನೊಬ್ಬನೇ ಹೋಗುವುದು ಅಂತಾಯಿತು.

ನವೆಂಬರಿನ ಕೊನೆಗೆ ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆಗೆ ನಾವೆಲ್ಲ ಡಾಲಸ್‌ಗೆ ಡ್ರೈವ್ ಮಾಡಿಕೊಂಡು ಹೋದೆವು. ಫಾರ್ಮರ್ಸ್ ಬ್ರಾಂಚ್‌ನಲ್ಲಿ ನನ್ನ ತಂಗಿಯ ಮಗಳ ಮನೆ. ಅವಳ ಗಂಡ ಹುಬ್ಬಳ್ಳಿಯವರು. ಅಳಿಯ ಊರಿಗೆ ಹೊರಟಿದ್ದಾನೆ ಅನ್ನುವ ಸುದ್ದಿ ಡಾಲಸ್‌ನಲ್ಲಿದ್ದ ಅವನ ಊರಿನವರಿಗೆ ಹೇಗೆ ಗೊತ್ತಾಯಿತೋ ಕಾಣೆ, ಹಬ್ಬದ ಮಧ್ಯಾಹ್ನ ಬಾಗಿಲು ಬಡಿಯುವುದು ಶುರುವಾಯಿತು. ಬಂದವರ ಕೈಯಲ್ಲೆಲ್ಲ ಒಂದೊಂದು 'ಸಣ್ಣ' ಪಾರ್ಸೆಲ್ಲು. ತಾಯಿಗೆ ವಿಟಮಿನ್ ಮಾತ್ರೆ, ಮೈದುನನಿಗೆ ಶೂಸು. ಒಬ್ಬಾಕೆ ಅನ್ನದ ಕುಕ್ಕರನ್ನೇ ತಂದಿದ್ದಳು. ಅನ್ನವನ್ನೇ ಉಸಿರಾಡುವ ದೇಶಕ್ಕೆ ಅಮೆರಿಕದಿಂದ ಅನ್ನದ ಕುಕ್ಕರು. ಇವನಿಗೆ ಯಾರಿಗೂ ಆಗಲ್ಲ ಅನ್ನಲು ಬಾಯಿ ಬಾರದು.

"ದೊಡ್ಡಮ್ಮಾರ, ವಿಮಾನ ಏನ್ ನಿಮ್ಮ ಅಳಿಯಾನ ಸ್ವಂತದ್ದೇನ್ರಿ?" ಅಂದರು ಹುಬ್ಬಳ್ಳಿಯವರು. "ಇಷ್ಟೆಲ್ಲಾ ಹ್ಯಾಂಗ ಒಯ್ತಾರ ಅವ್ರು? ತಮ್ಮ ಅರಿವಿ-ಬಟ್ಟಿ ಎಲ್ಲಿ ಇಡ್ತಾರ?" ಹೀಗೆ ಅಂದವರು ನಾವು ಹೊರಡುವಾಗ ಕಾರಿನ ಕಿಟಕಿಗೆ ಬಗ್ಗಿ, "ಅಲ್ಲಿ ಒಣಗಿಸಿದ ಮಾವಿನ ಹೋಳು ಭಾಳ ಛಲೋ ಇರ್ತಾವಂತ. ಬರೋ ಮುಂದ ಎರಡ ಪಾಕೀಟು ತರಾಕ ಹೇಳ್ರಿ" ಅಂದರು.

ವಾಪಸ್ ಬರುವಾಗ ಆಸ್ಟಿನ್ ಕಡೆಯಿಂದ ಸುತ್ತು ಹಾಕಿಕೊಂಡು ಬಂದೆವು. ದ ಡೊಮೇನ್ ಅನ್ನುವ ಅಂಗಡಿಗಳ ಬೀದಿಯಲ್ಲಿ ಒಂದು ಚಪ್ಪಲಿ ಅಂಗಡಿ ಇತ್ತು. ಓದುವ ಕಾಲದಲ್ಲಿ ಅವನು ತಾಯಿಗೂ ಅಕ್ಕನಿಗೂ ಶೂಸು ಕೊಂಡು ಕಳಿಸುತ್ತಿದ್ದದ್ದು ಅಲ್ಲಿಂದಲೇ. ಅಕ್ಕನಿಗೆ ಒಂದು ಜೊತೆ ತೆಗೆದುಕೊಳ್ಳಬೇಕು ಅಂದ. ಅಂಗಡಿಯ ಹುಡುಗಿ ಸೈಜು ಕೇಳಿದಳು, ಹೇಳಿದ. "ಇದೇ ಥರದ್ದು ಇನ್ನೊಂದು, ಇದಕ್ಕಿಂತ ಒಂದು ಸೈಜು ಚಿಕ್ಕದು" ಅಂತಲೂ ಹೇಳಿದ. ಹುಡುಗಿ ಒಳಗಿನಿಂದ ಎರಡು ಡಬ್ಬಿ ತಂದು ಅವನ ಮುಂದಿಟ್ಟಳು. ಮಗಳು ನನ್ನ ಕೈ ಹಿಡಿದಳು. ಅವಳ ಮುಖ ನೋಡಿ ನನಗೂ ತಿಳಿಯಿತು, ಚಿಕ್ಕ ಸೈಜು ಯಾರದೆಂದು. ಅವನು ಆ ಡಬ್ಬಿಯ ಮುಚ್ಚಳ ತೆಗೆದವನು ಹಾಗೇ ನಿಂತುಬಿಟ್ಟ. ಆಮೇಲೆ ಎರಡನ್ನೂ ಅಲ್ಲೇ ಬಿಟ್ಟು ಹೊರಗೆ ಹೋದ.

ಮಗಳಿಗೆ ಕಣ್ಸನ್ನೆ ಮಾಡಿದೆ. ಅವಳು ಮಗುವನ್ನು ಕರೆದುಕೊಂಡು ದೀಪದ ಮರ ನೋಡಲು ಹೋದಳು. ನಾನು ಹೋಗಿ ಬೆಂಚಿನ ಮೇಲೆ ಅವನ ಪಕ್ಕ ಕೂತೆ. ಸುತ್ತ ಜನ ಚೀಲ ಹೊತ್ತು ಓಡಾಡುತ್ತಿದ್ದರು.

"ಹಾಸ್ಪಿಟಲ್ಲಿಂದ ಮೆಸೇಜ್ ಬಂದಿದೆ ಅಮ್ಮ. ಕ್ರಿಸ್ಮಸ್ ದಿನ ಜನ ಸಾಲದಂತೆ."

"ಸಾಲದೇ ಇರಲಿ."

"ಟಿಕೆಟ್ ಕ್ಯಾನ್ಸಲ್ ಮಾಡ್ಬಹುದು. ಈಗಲೂ ಟೈಮ್ ಇದೆ."

ನಾನು ಮಾತಾಡಲಿಲ್ಲ. ತರಗತಿಯಲ್ಲೂ ಹೀಗೇ ಮಾಡುತ್ತಿದ್ದೆ. ಸುಮ್ಮನಿದ್ದರೆ ಹುಡುಗರು ತಾವೇ ಬಾಯಿ ಬಿಡುತ್ತಾರೆ. ಬಿಟ್ಟ.

"ಅಮ್ಮ, ನಾನು ನಮ್ಮಮ್ಮನ್ನ ಮಣ್ಣು ಮಾಡಿದ್ದು ನೋಡಿಲ್ಲ. ನನ್ನ ತಲೆಯೊಳಗೆ ಅವರು ಇನ್ನೂ ಅಡುಗೆಮನೆಯಲ್ಲೇ ಇದಾರೆ. ನಾನು ಹೋಗೋ ತನಕ ಇರ್ತಾರೆ. ಹೋಗಿ ಬಾಗಿಲು ತೆಗೆದ್ರೆ ಇರಲ್ಲ."

ನಮ್ಮ ಯಜಮಾನರು ತೀರಿಕೊಂಡ ಮೇಲೆ ಅವರ ಕೋಣೆಯ ಬಾಗಿಲನ್ನು ನಾನು ಎಷ್ಟು ಕಾಲ ಮುಚ್ಚಿಟ್ಟಿದ್ದೆ ಅಂತ ನನಗೆ ಗೊತ್ತು. ಅಯ್ಯೋ ಪಾಪ ಅಂದು ಅವನ ಬೆನ್ನು ಸವರಿದ್ದರೆ ಅವನು ಅಲ್ಲೇ ಟಿಕೆಟ್ ಕ್ಯಾನ್ಸಲ್ ಮಾಡುತ್ತಿದ್ದ. ಅದಕ್ಕೇ ಸವರಲಿಲ್ಲ.

"ನಿಮ್ಮಕ್ಕನಿಗೂ ಅವರು ಅಡುಗೆಮನೆಯಲ್ಲೇ ಇದಾರಾ?" ಅಂತ ಕೇಳಿದೆ.

ಅವನು ತಿರುಗಿ ನೋಡಿದ.

"ಇರಲ್ಲ. ಅವಳು ದಿನಾ ಆ ಅಡುಗೆಮನೆಗೆ ಹೋಗ್ತಾಳೆ. ನೀನು ಇಲ್ಲಿ ಕೂತು ಇದಾರೆ ಅಂದ್ಕೊಂಡು ಸೋಪು ಕಳಿಸ್ತಾ ಇದೀಯ. ಅಮ್ಮ ಇಬ್ಬರಿಗೂ ಅಮ್ಮನೇ ಅಲ್ವೇನಪ್ಪ? ಸತ್ತಿರೋದು ಮಾತ್ರ ಅವಳೊಬ್ಬಳಿಗೇ ಯಾಕೆ?"

ಹೇಳಿದ ಮೇಲೆ ಅತಿಯಾಯಿತೇನೋ ಅನ್ನಿಸಿತು. ಮಗಳ ಗಂಡ, ನಾಳೆ ನನಗೆ ಬಿಸಿನೀರಿನ ಚೀಲ ಇಡಬೇಕಾದವನು. ಅವನು ಎದ್ದು ಅಂಗಡಿಯೊಳಗೆ ಹೋಗಿ ಒಂದೇ ಡಬ್ಬಿ ಹಿಡಿದು ಬಂದ. ಆಸ್ಪತ್ರೆಗೆ ಏನು ಉತ್ತರ ಬರೆದ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹೊರಡುವ ಹಿಂದಿನ ದಿನ ಸೂಟ್‌ಕೇಸುಗಳ ತೂಕದ ರಾಮಾಯಣ ನಡೆಯಿತು. ಬಾತ್‌ರೂಮಿನ ತೂಕದ ಯಂತ್ರವನ್ನು ಹಾಲಿಗೆ ತಂದು, ಸೂಟ್‌ಕೇಸನ್ನು ಮಗುವಿನ ಹಾಗೆ ಎತ್ತಿಕೊಂಡು ಅವನು ಅದರ ಮೇಲೆ ಹತ್ತುವುದು, ಇಳಿಯುವುದು, ಕುಕ್ಕರು ತೆಗೆಯುವುದು, ಕುಕ್ಕರು ಹಾಕುವುದು. ಕೊನೆಗೆ ಕುಕ್ಕರಿನೊಳಗೆ ವಿಟಮಿನ್ ಮಾತ್ರೆ ತುಂಬಿದರು, ಶೂಸಿನೊಳಗೆ ಚಾಕಲೇಟು ತುರುಕಿದರು. ಅವನ ಬಟ್ಟೆಗೆ ಉಳಿದದ್ದು ಬೆನ್ನಿಗೆ ಹಾಕುವ ಚೀಲ ಒಂದೇ. ನಾನು ನಡುವೆ ಸಂದು ನೋಡಿ ಕೋಡುಬಳೆಯ ಪೊಟ್ಟಣ ಸೇರಿಸಿದೆ, ಅದು ಅವನ ಅಕ್ಕನಿಗೆ, ಟೀಚರಿಂದ ಟೀಚರಿಗೆ. ಏರ್‌ಪೋರ್ಟಿನಲ್ಲಿ ಅವನು ಬಗ್ಗಿ ನನ್ನ ಕೈಯನ್ನು ಹಣೆಗೊತ್ತಿಕೊಂಡ. ಹಣೆ ಬೆವತಿತ್ತು. "ಹೋಗಿದ್ದು ಬಾ" ಅಂದೆ.

ಹೋದವನು ಒಂದು ವಾರ ಬರೀ ಫೋಟೊ ಕಳಿಸಿದ. ಮೀನಿನ ಫೋಟೊ, ಬಾಳೆ ಎಲೆಯಲ್ಲಿ ಸುತ್ತಿದ ಸಿಹಿಯ ಫೋಟೊ, ಕುಕ್ಕರ್ ತಲುಪಿಸಿದ ಮನೆಯವರು ಕುಕ್ಕರ್ ಅಪ್ಪಿಕೊಂಡು ನಿಂತ ಫೋಟೊ. ಮನೆಮನೆಗೆ ಪಾರ್ಸೆಲ್ ಹಂಚುತ್ತಾ ಊರೆಲ್ಲ ತಿರುಗುತ್ತಿದ್ದಾನೆ, ಮನೆಯಲ್ಲಿ ಕೂರುತ್ತಿಲ್ಲ ಅಂತ ನನಗೆ ಅನ್ನಿಸಿತು. ಮಗಳಿಗೆ ಹೇಳಲಿಲ್ಲ. ಎಲ್ಲ ಫೋಟೊದಲ್ಲೂ ಅವನು ನಗುತ್ತಿದ್ದ. ಅಡುಗೆಮನೆಯ ಫೋಟೊ ಒಂದೂ ಇರಲಿಲ್ಲ.

ಇಪ್ಪತ್ನಾಲ್ಕನೇ ತಾರೀಕು ನಮಗೆ ಬೆಳಗಾಗಿ ತಿಂಡಿಯ ಹೊತ್ತಾದಾಗ ಅವರಲ್ಲಿ ಕ್ರಿಸ್ಮಸ್ಸಿನ ನಡುರಾತ್ರಿ. ಚರ್ಚಿನಿಂದ ಬಂದು ಮನೆಯವರೆಲ್ಲ ಕೂತು ಉಣ್ಣುವ ಹೊತ್ತು ಅದಂತೆ. ನಾನು ದೋಸೆ ಹುಯ್ಯುತ್ತಿದ್ದೆ. ಮೊಮ್ಮಗಳು ಟ್ಯಾಬ್ಲೆಟ್ ಹಿಡಿದುಕೊಂಡು, "ಅಜ್ಜಿ, ಡ್ಯಾಡಿ ಈಸ್ ನಾಟ್ ಟಾಕಿಂಗ್" ಅಂತ ಓಡಿಬಂದಳು. ಒಲೆ ಆರಿಸಿ ತೆಗೆದುಕೊಂಡೆ.

ಊಟದ ಮೇಜು ಕಂಡಿತು. ತಟ್ಟೆಗಳು, ಹಣ್ಣು, ಆವಿಯಾಡುವ ಅನ್ನ. ಅವನು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಮುಖವೆಲ್ಲ ಒದ್ದೆಯಾಗಿತ್ತು. ನನ್ನನ್ನು ನೋಡಿ ಇಂಗ್ಲಿಷಿನಲ್ಲಿ ಏನೋ ಹೇಳಲು ಹೋದ, ಬಾಯಿಗೆ ಬರಲಿಲ್ಲ. ತನಗೆ ಗೊತ್ತಿದ್ದ ಊಟದ ಕನ್ನಡದಲ್ಲೇ ಹೇಳಿದ.

"ಅಮ್ಮ, ಅಮ್ಮ ಇಲ್ಲ."

"ಇಲ್ಲ ಕಣಪ್ಪ" ಅಂದೆ. "ಇಲ್ಲ."

ಅವನು ಅಲ್ಲೇ ಹೊಸ್ತಿಲ ಮೇಲೆ ಪರೀಕ್ಷೆಯಲ್ಲಿ ಫೇಲಾದ ಹುಡುಗನ ಹಾಗೆ ಕುಸಿದು ಕೂತು ಬಿಕ್ಕಿದ. ಫೋನು ವಾಲಿ ಬರೀ ಗೋಡೆ ಕಂಡಿತು. ಆಮೇಲೆ ಅಕ್ಕ ಬಂದು ಅವನ ಪಕ್ಕ ನೆಲದ ಮೇಲೆ ಕೂತು ಫೋನು ತೆಗೆದುಕೊಂಡಳು. ಯಾವ ಭಾನುವಾರವೂ ಒಂದು ಕೂದಲೂ ಚೆದುರದಿದ್ದವಳು. ಅವಳೂ ಅಳುತ್ತಿದ್ದಳು, ಸದ್ದು ಮಾಡಿ, ಮಕ್ಕಳು ಅಳುವ ಹಾಗೆ, ಒಂದು ಕೈಯಲ್ಲಿ ತಮ್ಮನ ಕತ್ತು ಬಳಸಿ ಹಿಡಿದು. ನಾನೂ ಸೆರಗು ಕಣ್ಣಿಗೊತ್ತಿಕೊಂಡೆ. ಸಮಾಧಾನ ಮಾಡಿಕೊಳ್ಳಿ ಅಂತ ಹೇಳಲು ಬಾಯಿ ತೆರೆದೆ. ಅವಳು ತಲೆಯಾಡಿಸಿ ತಡೆದಳು.

"ಅಮ್ಮ ಹೋದಾಗಿಂದ ನಾನು ಅತ್ತಿರಲಿಲ್ಲ" ಅಂದಳು. "ಒಬ್ಬಳೇ ಹೇಗೆ ಅಳೋದು?"